ಸೂರಿನಾಚೆಯ ನೆಲ



ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮನೆ ಕಟ್ಟಿಸುವವರು ಅಡುಗೆಮನೆಯ ಟೈಲ್ಸ್ ಆರಿಸಲು ಮನೆಮಂದಿಯೆಲ್ಲ ಸೇರಿ ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗಿ ನಾಲ್ಕು ಅಂಗಡಿ ಹತ್ತಿ ಇಳಿಯುತ್ತಾರೆ. ಹೊರಗಿನ ನೆಲದ ಮಾತು ಬಂದಾಗ ಮಾತ್ರ, "ಉಳಿದದ್ದು ಏನಾದರೂ ಹಾಕಿ ಮುಗಿಸಿ ಮಾರಾಯ್ರೆ" ಎಂದು ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಹೊರಜಗಲಿ, ಸಿಟೌಟು, ತಾರಸಿಯ ಒಂದು ಮೂಲೆ, ತೋಟದ ಕಡೆ ಮುಖ ಮಾಡಿದ ಕಟ್ಟೆ ಎಲ್ಲಕ್ಕೂ ಇದೇ ಗತಿ. ಮನೆಯ ಒಳಗೆ ಹಾಕಿದ ಕಲ್ಲು ಮೂವತ್ತು ವರ್ಷ ಸುಮ್ಮನೆ ಮಲಗಿರುತ್ತದೆ. ಬಿಸಿಲು, ಮಳೆ, ಗೆದ್ದಲು, ಹಾವಸೆ ಎಲ್ಲವನ್ನೂ ಎದುರಿಸಬೇಕಾದದ್ದು ಸೂರಿನಾಚೆಯ ನೆಲ. ಅದರ ಬಗ್ಗೆಯೇ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗೀಗ ಇನ್ನೊಂದು ಹೊಸ ಆಸೆ ಬಂದಿದೆ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಹೋಂಸ್ಟೇಗಳಲ್ಲಿ ಕಣಿವೆಯ ಕಡೆಗೆ ಚಾಚಿದ ಮರದ ಅಟ್ಟಣೆ ಕಾಣಿಸುತ್ತದೆ. ಅಮೆರಿಕದಲ್ಲಿರುವ ಮಗ ರಜೆಗೆ ಬಂದವನು, "ಅಪ್ಪಯ್ಯ, ತೋಟದ ಬದಿಗೆ ಒಂದು ಡೆಕ್ ಮಾಡಿಸುವಾ, ಅಲ್ಲಿ ನಮ್ಮನೇಲೂ ಉಂಟು" ಅನ್ನುತ್ತಾನೆ. ಆಸೆಯೇನೋ ಒಳ್ಳೆಯದೇ. ಆದರೆ ಅಲ್ಲಿಯ ಡೆಕ್ಕಿನ ಶತ್ರು ಬೇರೆ, ಇಲ್ಲಿಯ ಡೆಕ್ಕಿನ ಶತ್ರು ಬೇರೆ. ಅವರದು ಹಿಮದ ಕಾಟ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಬಿರುಕಿನೊಳಗೆ ಕೂತು ಕಲ್ಲನ್ನೂ ಸೀಳುತ್ತದೆ. ನಮ್ಮದು ಬೂಸಿನ ಕಾಟ. ಬೆಚ್ಚಗೆ, ಒದ್ದೆಯಾಗಿ, ಗಾಳಿಯಾಡದೆ ಇರುವ ಜಾಗ ಸಿಕ್ಕರೆ ಅದಕ್ಕೆ ಬೇರೇನೂ ಬೇಡ.

ಮಳೆಯ ಲೆಕ್ಕವನ್ನೇ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸಾವಿರ ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಮೂರೂವರೆ ಸಾವಿರದ ಮೇಲೆ. ಆಗುಂಬೆಯಲ್ಲಿ ಏಳು ಸಾವಿರವನ್ನೂ ದಾಟುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬರೇ ಮಳೆಯಾಗಿದ್ದರೆ ಅದೊಂದು ಪಾಡು. ನಾಲ್ಕು ತಿಂಗಳು ನೆನೆದು ಉಬ್ಬಿದ ಹಲಗೆ ಮಾಘ ಕಳೆದ ಮೇಲೆ ಸುಡು ಬಿಸಿಲಿಗೆ ಸಿಕ್ಕಿ ಸೆಟೆಯುತ್ತದೆ, ಸೀಳುತ್ತದೆ. ಮುಂದಿನ ಮಳೆಗೆ ಆ ಸೀಳಿನೊಳಗೇ ನೀರು ನಿಲ್ಲುತ್ತದೆ. ಹಲಗೆಯನ್ನು ಕೊಲ್ಲುವುದು ಮಳೆಯೊಂದೇ ಅಲ್ಲ, ಬಿಸಿಲೊಂದೇ ಅಲ್ಲ. ಎರಡೂ ಸರದಿಯ ಮೇಲೆ ಬಂದು ಮಾಡುವ ಕೆಲಸ ಅದು.

ಮರ ಕುಂಬಾಗುವುದು ಹಳತಾಯಿತು ಅಂತಲ್ಲ. ಮರದೊಳಗಿನ ತೇವ ಅದರ ಒಣತೂಕದ ಶೇಕಡಾ 20ಕ್ಕಿಂತ ಕೆಳಗೆ ಇರುವ ತನಕ ಕೊಳೆಸುವ ಬೂಸು ಬೆಳೆಯಲಾರದು. ನಮ್ಮ ಹಳೆಯ ಮನೆಗಳ ಹಲಸಿನ ಕಂಬ, ಬೋಗಿ ಮರದ ತೊಲೆ ನೂರು ವರ್ಷ ಕಳೆದರೂ ಗಟ್ಟಿಯಾಗಿರುವುದರ ಗುಟ್ಟು ಇಷ್ಟೇ. ಮರ ಒಳ್ಳೆಯದು ಹೌದು, ಆದರೆ ಅದಕ್ಕಿಂತ ಮುಖ್ಯವಾಗಿ ಅದು ಒಣಗಿತ್ತು. ಮೇಲೆ ಮೂರಡಿ ಹೊರಚಾಚಿದ ಸೂರಿತ್ತು, ಕೆಳಗೆ ಕಂಬದ ಬುಡಕ್ಕೆ ಕಲ್ಲಿನ ಪೀಠವಿತ್ತು. ಜೂನ್ ಬಂತೆಂದರೆ ಎರಚಲು ಹೊಡೆಯುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆ ಮನೆಗಳನ್ನು ಕಟ್ಟಿದವರು ಮರವನ್ನು ನಂಬಿದ್ದಕ್ಕಿಂತ ಮಾಡನ್ನು ಹೆಚ್ಚು ನಂಬಿದ್ದರು.

ಆದ್ದರಿಂದ ಯಾವ ಸಾಮಾನು ಎಂದು ಕೇಳುವ ಮೊದಲು ನಿಮ್ಮ ಹೊರಗಿನ ಜಾಗವನ್ನು ಎರಡು ಮಾಡಿ ನೋಡಿ. ಒಂದು, ಮಾಡಿನ ಕೆಳಗೆ ಬರುವುದು. ಇನ್ನೊಂದು, ಬರಿ ಆಕಾಶದ ಕೆಳಗಿರುವುದು. ನನ್ನ ಅಭಿಪ್ರಾಯ ಖಂಡಿತವಾಗಿದೆ. ಮಲೆನಾಡಿನಲ್ಲಿ ಮರವನ್ನು ಮಾಡಿನ ಕೆಳಗೆ ಹಾಕಿ, ತೆರೆದ ಜಾಗಕ್ಕೆ ಕಲ್ಲು ಹಾಕಿ. ಆಕಾಶದ ಕೆಳಗೇ ಮರ ಬೇಕೆನ್ನುವವರು ಪ್ರತಿ ವರ್ಷ ಅದರ ಸೇವೆಗೆ ಸಿದ್ಧರಾಗಿರಬೇಕು. ಹೋಂಸ್ಟೇ ಆದರೆ ಸರಿ, ಸೇವೆ ಮಾಡಲು ಆಳಿದ್ದಾರೆ, ದುಡಿಮೆಯೂ ಬರುತ್ತದೆ. ಮಕ್ಕಳೆಲ್ಲ ಊರು ಬಿಟ್ಟು, ವಯಸ್ಸಾದ ಇಬ್ಬರೇ ಇರುವ ಮನೆಗೆ ಆ ಕೆಲಸ ಯಾಕೆ?

ಮರವೇ ಆಗಬೇಕು ಅನ್ನುವವರಿಗೆ ಎರಡು ಮಾತು. ನಾಟಾ ಕೊಳ್ಳುವಾಗ ಜಾತಿಯ ಹೆಸರು ಕೇಳಿ ಸುಮ್ಮನಾಗಬೇಡಿ, ಚೇಗು ಎಷ್ಟಿದೆ ನೋಡಿ. ಸಾಗುವಾನಿಯ ಬಾಳಿಕೆಯೆಲ್ಲ ಅದರ ಚೇಗಿನಲ್ಲಿದೆ. ಎಣ್ಣೆಯಂಶ, ಗೆದ್ದಲಿಗೆ ಒಗ್ಗದ ಸತ್ವಗಳು ಎಲ್ಲ ಅಲ್ಲೇ. ಹೊರಗಿನ ಬಿಳಿಯ ಭಾಗ ಸಾಗುವಾನಿಯದಾದರೂ ಮಾಮೂಲಿ ಕಾಡುಮರದಷ್ಟೇ ಬೇಗ ಹೋಗುತ್ತದೆ. ತೋಟದ ಬದಿಯಲ್ಲಿ ನೆಟ್ಟು ಹದಿನೈದಿಪ್ಪತ್ತು ವರ್ಷಕ್ಕೆ ಕಡಿದ ಮರದಲ್ಲಿ ಬಿಳಿಯದೇ ಪಾಲು ಜಾಸ್ತಿ. ಮಿಲ್ಲಿನಲ್ಲಿ ಕೊಯ್ದ ಹಲಗೆಯ ತುದಿ ನೋಡಿದರೆ ಬಣ್ಣದ ಗೆರೆ ಕಾಣುತ್ತದೆ. ಒಂದು ಕಡೆ ಜೇನಿನ ಬಣ್ಣ, ಇನ್ನೊಂದು ಕಡೆ ಹುಲ್ಲಿನ ಬಣ್ಣ. ಆ ಹುಲ್ಲುಬಣ್ಣದ್ದು ಹೊರಗಿನ ನೆಲಕ್ಕೆ ಬೇಡ. ಸಾಗುವಾನಿ ದುಬಾರಿಯಾದರೆ ಕಿರಾಲಬೋಗಿ, ಜಂಬೆ, ಹೊನ್ನೆ ಇವೆ. ಜಂಬೆ ಹಿಂದೆ ರೈಲು ಹಳಿಗಳ ಅಡಿಗೆ ಹಾಸುತ್ತಿದ್ದ ಮರ. ಕೊಯ್ಯುವವನ ಗರಗಸದ ಹಲ್ಲು ಮೊಂಡಾಗುತ್ತದೆ, ಮೊಳೆಗೆ ಮೊದಲೇ ತೂತು ಕೊರೆಯಬೇಕು, ಆದರೆ ತಾಳುತ್ತದೆ. ಕಾಫಿ ತೋಟದಲ್ಲಿ ಧಾರಾಳವಾಗಿ ಸಿಗುತ್ತದೆಂದು ಸಿಲ್ವರ್ ಓಕನ್ನು ಮಾತ್ರ ಮಳೆಗೆ ಒಡ್ಡಬೇಡಿ. ಒಳಗಿನ ಪೀಠೋಪಕರಣಕ್ಕೆ ಚೆಂದದ ಮರ ಅದು, ಹೊರಗೆ ನಿಲ್ಲುವುದಿಲ್ಲ.

ಹಗುರ ಮರಕ್ಕೆ ಮದ್ದು ಹಾಕಿ ಗಟ್ಟಿ ಮಾಡುವ ವಿದ್ಯೆಯಲ್ಲಿ ಭಾರತದ ಪಾಲು ದೊಡ್ಡದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ಸೇರಿಸಿ ಮರದೊಳಗೆ ಒತ್ತಡದಿಂದ ತುಂಬುವ ಮದ್ದನ್ನು 1933ರಲ್ಲಿ ಕಂಡುಹಿಡಿದವರು ಸೊಂಟಿ ಕಾಮೇಶಂ ಎಂಬ ನಮ್ಮ ದೇಶದ ವಿಜ್ಞಾನಿ. ಕ್ರೋಮಿಯಂ ಉಳಿದೆರಡನ್ನು ಮರದ ನಾರಿಗೆ ಕಟ್ಟಿಹಾಕುತ್ತದೆ, ಮಳೆಗೆ ತೊಳೆದುಹೋಗಲು ಬಿಡುವುದಿಲ್ಲ. ಕೆಲವು ದಶಕಗಳ ಕಾಲ ಅಮೆರಿಕದ ಮನೆಗಳ ಹಿತ್ತಿಲ ಡೆಕ್ಕುಗಳು ಬಹುಮಟ್ಟಿಗೆ ಈ ಮದ್ದಿನ ಮೇಲೇ ನಿಂತಿದ್ದವು. ಆರ್ಸೆನಿಕ್ಕಿನ ಭಯದಿಂದ 2003ರ ಕೊನೆಗೆ ಅಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಮಕ್ಕಳು ಬರಿಗಾಲಲ್ಲಿ ಓಡಾಡುವ ಕಡೆ ನಮಗೂ ಅದು ಬೇಡ. ಬೋರಾಕ್ಸ್, ಬೋರಿಕ್ ಆಸಿಡ್ಡಿನ ಮದ್ದು ಅಷ್ಟು ಅಪಾಯಕಾರಿಯಲ್ಲ, ಆದರೆ ಅದು ನೀರಿನಲ್ಲಿ ಕರಗಿ ಹೊರಟುಹೋಗುತ್ತದೆ. ಮಾಡಿನ ಕೆಳಗಿನ ಮರಕ್ಕಷ್ಟೇ ಸರಿ.

ಬಿಸಿಲಿಗೆ ಮರ ಬೂದಿಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಅದು ಮೇಲ್ಮೈಯ ಲಿಗ್ನಿನ್ ಬಿಸಿಲಿಗೆ ಸುಟ್ಟು ತೊಳೆದುಹೋದದ್ದು, ಕೊಳೆತದ್ದಲ್ಲ. ಚೂಪು ಚಾಕುವಿನಿಂದ ಚುಚ್ಚಿ ನೋಡಿ, ಗಟ್ಟಿಯಿದ್ದರೆ ಮರ ಚೆನ್ನಾಗಿದೆ. ಆದರೆ ಹೊಳಪಿನ ವಾರ್ನಿಶ್ ಬಳಿಯಬೇಡಿ. ಅದು ಪೊರೆ ಕಟ್ಟುತ್ತದೆ. ಪೊರೆಯಲ್ಲೊಂದು ಬಿರುಕು ಬಿದ್ದರೆ ಸಾಕು, ನೀರು ಒಳಹೊಕ್ಕು ಹೊರಬರಲಾರದೆ ಮರವನ್ನು ಒಳಗಿಂದೊಳಗೇ ಕೊಳೆಸುತ್ತದೆ. ಮರದೊಳಗೆ ಇಂಗುವ ಎಣ್ಣೆ ವಾಸಿ. ನಮ್ಮ ಕರಾವಳಿಯವರು ದೋಣಿಗೆ, ಮನೆಯ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದು ಇದೇ ಕಾರಣಕ್ಕೆ. ಬಣ್ಣ ಕಪ್ಪಾಗುತ್ತದೆ, ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಹಚ್ಚುವುದಾದರೆ ಕೈಗವಸು ಬೇಕೇ ಬೇಕು.

ಇನ್ನು ಹಲಗೆಯ ಕೆಳಗಿನ ವಿಚಾರ. ಜನ ಹಲಗೆಯ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಅದನ್ನು ಹೊತ್ತ ಅಡ್ಡಪಟ್ಟಿಯ ಬಗ್ಗೆ ಒಂದೂ ಕೇಳುವುದಿಲ್ಲ. ಡೆಕ್ಕು ಕೆಡುವುದು ಬಹಳ ಸಲ ಅಲ್ಲಿಂದಲೇ. ಅಡಿಕೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟವನ್ನು ನೋಡಿ. ಕವೆಗಳ ಮೇಲೆ ಗಳು, ಗಳುಗಳ ಮೇಲೆ ಅಡಿಕೆ ದಬ್ಬೆ, ದಬ್ಬೆ ದಬ್ಬೆಗಳ ನಡುವೆ ಸಂದು. ಕೆಳಗಿನಿಂದ ಗಾಳಿ ನುಗ್ಗಿದರಷ್ಟೇ ಮೇಲಿನ ಅಡಿಕೆ ಮುಗ್ಗದೆ ಒಣಗುತ್ತದೆ. ಮರದ ಡೆಕ್ಕಿಗೂ ಬೇಕಾದದ್ದು ಇಷ್ಟೇ. ನೆಲದಿಂದ ಒಂದಡಿಯಾದರೂ ಎತ್ತರ, ಎರಡು ಬದಿ ಗಾಳಿಗೆ ತೆರೆದಿರಬೇಕು, ಹಲಗೆಗಳ ನಡುವೆ ಸಂದು ಇರಬೇಕು. ಕೆಳಗೆ ಮಣ್ಣಿದ್ದರೆ ವಾಟ ಕೊಟ್ಟು ಜಲ್ಲಿ ಹರಡಿ. ಸಿಮೆಂಟಿನ ನೆಲದ ಮೇಲೆಯೇ ರೀಪು ಮಲಗಿಸಿ ಹಲಗೆ ಹೊಡೆಯುವವರಿದ್ದಾರೆ. ರೀಪಿನ ಬೆನ್ನಿಗೆ ನೀರು ತಡೆದು ನಿಂತು, ಎರಡನೆಯ ಮಳೆಗಾಲಕ್ಕೇ ಅದು ಕೈಯಲ್ಲಿ ಕಿತ್ತರೆ ಬರುವಂತಾಗುತ್ತದೆ. ಮೇಲಿನ ಹಲಗೆ ಹೊಸದರ ಹಾಗೇ ಇರುತ್ತದೆ. ಅಡಿಪಟ್ಟಿಗೆ ಮರದ ಬದಲು ಕಲಾಯಿ ಹಾಕಿದ ಉಕ್ಕಿನ ಅಥವಾ ಅಲ್ಯೂಮಿನಿಯಂ ಕೊಳವೆ ಹಾಕುವುದು ಒಳ್ಳೆಯದೇ. ಬೆಸುಗೆ ಹಾಕಿದ ಜಾಗದಲ್ಲಿ ಕಲಾಯಿ ಸುಟ್ಟಿರುತ್ತದೆ, ಅಲ್ಲಿ ಸತುವಿನ ಬಣ್ಣ ಹಚ್ಚಿಸಲು ನಿಂತು ನೋಡಿಕೊಳ್ಳಿ.

ಮೊಳೆಯ ವಿಷಯದಲ್ಲಿ ಉಳಿತಾಯ ಮಾಡಬಾರದು. ಹೊನ್ನೆಯಂಥ ಮರಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಮರದ ಒಗರು ಕಬ್ಬಿಣಕ್ಕೆ ತಾಗಿ ಮೊಳೆಯ ಸುತ್ತ ಮಸಿಯಂಥ ಕಪ್ಪು ಕಲೆ ಹರಡುತ್ತದೆ. ಆಮೇಲೆ ಮೊಳೆ ತುಕ್ಕು ಹಿಡಿದು ಉಬ್ಬಿ, ಸುತ್ತಲ ಮರವನ್ನು ಪುಡಿ ಮಾಡಿ ಸಡಿಲವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ತಿರುಪುಮೊಳೆಯೇ ಆಗಬೇಕು. ಘಟ್ಟದ ಮೇಲೆ 304 ಎಂಬ ದರ್ಜೆ ಸಾಕು. ಉಳ್ಳಾಲ, ಮಲ್ಪೆ, ಮುರ್ಡೇಶ್ವರದಂಥ ಕಡಲಂಚಿನ ಊರಲ್ಲಿ ಉಪ್ಪುಗಾಳಿ 304ನ್ನೂ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಅಲ್ಲಿಗೆ 316 ಬೇಕು, ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುತ್ತದೆ. ಅಂಗಡಿಯವರು ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ" ಎಂದು ತೋರಿಸುವುದರಿಂದ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಡಬ್ಲ್ಯೂಪಿಸಿ ಹೇಗೆ? ಮರದ ಹುಡಿಯನ್ನೋ ಭತ್ತದ ಹೊಟ್ಟನ್ನೋ ಕರಗಿಸಿದ ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ ಅಚ್ಚಿನ ಮೂಲಕ ಒತ್ತಿ ತೆಗೆದ ಹಲಗೆ ಅದು. ಗೆದ್ದಲು ಮುಟ್ಟುವುದಿಲ್ಲ, ಎಣ್ಣೆ ಕೇಳುವುದಿಲ್ಲ, ಸೀಳು ಏಳುವುದಿಲ್ಲ. ಒಳ್ಳೆಯ ಸಾಮಾನೇ. ಆದರೆ ನಮ್ಮ ಮಾರುಕಟ್ಟೆಯಲ್ಲಿ ಅದೇ ಹೆಸರಿನಲ್ಲಿ ಬೇರೊಂದು ವಸ್ತುವೂ ಓಡಾಡುತ್ತಿದೆ. ಬಾತ್‌ರೂಮಿನ ಬಾಗಿಲಿಗೆ, ಅಡುಗೆಮನೆಯ ಕಪಾಟಿಗೆ ಹಾಕುವ ಬಿಳಿಯ ಹಗುರ ಹಲಗೆ. ಅದು ಹೆಚ್ಚುಕಡಿಮೆ ಪಿವಿಸಿಯ ನೊರೆ. ಉಗುರಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ನಡೆಯುವ ನೆಲಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಡೆಕ್ಕಿನ ಹಲಗೆ ಕೈಯಲ್ಲಿ ಎತ್ತಿದರೆ ಮರಕ್ಕಿಂತ ಭಾರ ಅನ್ನಿಸುತ್ತದೆ.

ಒಂದು ತುಂಡನ್ನು ಮನೆಗೆ ತನ್ನಿ. ಕೊಯ್ದ ತುದಿಯನ್ನು ನೋಡಿ. ಸುತ್ತಲೂ ತೆಳ್ಳನೆಯ ಬೇರೆ ಬಣ್ಣದ ಪ್ಲಾಸ್ಟಿಕ್ ಕವಚ ಕಂಡರೆ ಅದು ಹೊಸ ತಲೆಮಾರಿನದು, ಮಳೆನಾಡಿಗೆ ಅದೇ ಬೇಕು. ಕವಚವಿಲ್ಲದ್ದರಲ್ಲಿ ಮೇಲೆ ತೇಲಿದ ಮರದ ಹುಡಿ ನೀರು ಕುಡಿಯುತ್ತದೆ, ಅದರ ಮೇಲೆ ಕರಿಬೂಸು ಕೂರುತ್ತದೆ. ತುಂಡನ್ನು ಬಕೆಟಿನ ನೀರಿನಲ್ಲಿ ಒಂದು ವಾರ ಮುಳುಗಿಸಿಟ್ಟು, ಮೊದಲೂ ಆಮೇಲೂ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಮಾರುವವನ ಮಾತಿಗಿಂತ ಆ ತಕ್ಕಡಿ ಹೆಚ್ಚು ಹೇಳುತ್ತದೆ. ಮಧ್ಯಾಹ್ನದ ಬಿಸಿಲಿಗೂ ಒಮ್ಮೆ ಇಟ್ಟು ಬರಿಗಾಲಲ್ಲಿ ನಿಂತು ನೋಡಿ. ಕಡುಬಣ್ಣದ್ದಾದರೆ ಏಪ್ರಿಲ್ಲಿನಲ್ಲಿ ಕಾಲಿಡಲಾಗದಷ್ಟು ಕಾಯುತ್ತದೆ.

ಇದರ ಇನ್ನೊಂದು ಗುಣವನ್ನು ನಮ್ಮ ಬಡಗಿಗಳು ಇನ್ನೂ ಪೂರ್ತಿ ಒಗ್ಗಿಸಿಕೊಂಡಿಲ್ಲ. ಮರ ಉಬ್ಬುವುದು ಅಗಲಕ್ಕೆ, ನೀರಿಗೆ. ಡಬ್ಲ್ಯೂಪಿಸಿ ಹಿಗ್ಗುವುದು ಉದ್ದಕ್ಕೆ, ಶಾಖಕ್ಕೆ. ಹತ್ತಡಿಯ ಹಲಗೆ ಮುಂಜಾವಿನ ಚಳಿಯಿಂದ ಮಧ್ಯಾಹ್ನದ ಕಾವಿಗೆ ಬರುವಷ್ಟರಲ್ಲಿ ನಾಲ್ಕೈದು ಮಿಲಿಮೀಟರ್ ಬೆಳೆಯಬಹುದು. ಎರಡು ಹಲಗೆಗಳ ತಲೆಯನ್ನು ಒತ್ತಿ ಕೂರಿಸಿದರೆ ಬೇಸಿಗೆಯಲ್ಲಿ ಎರಡೂ ಎದೆಯುಬ್ಬಿಸಿ ನಿಲ್ಲುತ್ತವೆ. ಅದಕ್ಕೇ ತುದಿಗಳಲ್ಲಿ ಜಾಗ ಬಿಟ್ಟು, ಕಂಪನಿ ಕೊಡುವ ಕ್ಲಿಪ್ಪಿನಲ್ಲೇ ಕೂರಿಸಬೇಕು. ಇದರ ಬೆನ್ನೂ ಮರದಷ್ಟು ಗಟ್ಟಿಯಲ್ಲ. ಅಡಿಪಟ್ಟಿಗಳ ನಡುವೆ ಒಂದಡಿಗಿಂತ ಬಹಳ ಹೆಚ್ಚು ಅಂತರ ಬಿಟ್ಟರೆ ವರ್ಷ ಕಳೆದಂತೆ ಜೋತುಬೀಳುತ್ತದೆ. "ನಿರ್ವಹಣೆಯೇ ಬೇಡ" ಎಂಬ ಜಾಹೀರಾತನ್ನು ನಂಬಬೇಡಿ. ಎಣ್ಣೆ ಬೇಡ, ನಿಜ. ತೊಳೆಯುವುದು ತಪ್ಪಿದ್ದಲ್ಲ.

ಆಕಾಶದ ಕೆಳಗಿನ ಭಾಗಕ್ಕೆ ಕಲ್ಲು ಎಂದೆ. ಯಾವ ಕಲ್ಲು? ಕರಾವಳಿಯ ಮುರಕಲ್ಲು, ಮಲೆನಾಡಿಗರ ಜಂಬಿಟ್ಟಿಗೆ, ನೋಡಲು ಬಹಳ ಚೆಂದ. ಟಿಪ್ಪುವಿನ ಪತನದ ನಂತರ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಅದನ್ನು ನೆಲದೊಳಗಿರುವಾಗ ಸುಲಭವಾಗಿ ಕಡಿಯುವುದನ್ನೂ, ಗಾಳಿಗೆ ಒಡ್ಡಿದ ಮೇಲೆ ಅದು ಗಟ್ಟಿಯಾಗುವುದನ್ನೂ ಕಂಡು ಬರೆದಿಟ್ಟ. ಗೋಡೆಗೆ ಅದಕ್ಕೆ ಸಾಟಿಯಿಲ್ಲ. ನೆಲಕ್ಕೆ ಮಾತ್ರ ಯೋಚಿಸಿ, ಅದರ ಮೈತುಂಬ ರಂಧ್ರ. ಜುಲೈ ಬಂತೆಂದರೆ ಹಸಿರು ಹಾವಸೆ ಮೆತ್ತಿಕೊಳ್ಳುತ್ತದೆ. ಕಡಪ ಕಲ್ಲು, ಕೋಟಾ, ಶಹಾಬಾದಿ ಇವು ಸುಣ್ಣದ ಜಾತಿಯವು. ನೆರಳಿಗೆ ಚೆನ್ನಾಗಿರುತ್ತವೆ, ಅಗ್ಗವೂ ಹೌದು. ಆದರೆ ಕಲೆ ತೆಗೆಯಲು ಯಾರಾದರೂ ಆಸಿಡ್ ಸುರಿದರೋ, ಮೈ ಸುಟ್ಟು ಬಿಳಿಚಿಕೊಳ್ಳುತ್ತದೆ, ಮತ್ತೆ ಹಳೆಯ ಬಣ್ಣಕ್ಕೆ ಬರುವುದಿಲ್ಲ.

ಮಳೆನಾಡಿನ ತೆರೆದ ಜಾಗಕ್ಕೆ ಗ್ರಾನೈಟನ್ನು ಮೀರಿಸುವುದು ಯಾವುದೂ ಇಲ್ಲ ಎಂಬುದು ನನ್ನ ತೀರ್ಮಾನ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು, ಅಥವಾ ನಿಮ್ಮ ಹತ್ತಿರದ ಕ್ವಾರಿಯ ಬೂದುಕಲ್ಲು. ನೀರು ಕುಡಿಯುವುದಿಲ್ಲವೆಂದೇ ಹೇಳಬಹುದು. ಪಾಲಿಶ್ ಮಾಡಿದ್ದು ಬೇಡವೇ ಬೇಡ, ಅದು ಒದ್ದೆಯಾದರೆ ಸೊಂಟ ಮುರಿಯುತ್ತದೆ. ಫ್ಲೇಮ್ ಫಿನಿಶ್ ಕೇಳಿ. ಕಲ್ಲಿನ ಮೇಲೆ ಬೆಂಕಿಯ ಜ್ವಾಲೆ ಹಾಯಿಸಿದಾಗ ಅದರೊಳಗಿನ ಬೆಣಚುಕಲ್ಲಿನ ಹರಳುಗಳು ತಟ್ಟನೆ ಹಿಗ್ಗಿ, ಮೇಲ್ಪದರ ಚಟಪಟ ಸಿಡಿದು ಉದುರುತ್ತದೆ. ಉಳಿಯುವ ಮೈ ಒರಟು, ಕಾಲು ಹಿಡಿಯುತ್ತದೆ. ಉಳಿಯಿಂದ ಕೊಚ್ಚಿಸಿದ ಹಳೆಯ ಮಾದರಿಯ ಚಪ್ಪಡಿಯೂ ಅಷ್ಟೇ ಒಳ್ಳೆಯದು. ಟೈಲ್ಸೇ ಬೇಕಾದರೆ ಪೆಟ್ಟಿಗೆಯ ಮೇಲೆ ಅಥವಾ ಕ್ಯಾಟಲಾಗಿನಲ್ಲಿ ಆರ್ 9, ಆರ್ 10 ಎಂದು ಜಾರುನಿರೋಧದ ಅಂಕೆ ಇರುತ್ತದೆ. ಹೊರಗೆ ಆರ್ 11ಕ್ಕಿಂತ ಕೆಳಗಿನದು ಬೇಡ.

ಕಲ್ಲೋ ಟೈಲ್ಸೋ, ವಾಟ ಸರಿಯಾಗಿ ಕೊಡದಿದ್ದರೆ ಎಲ್ಲ ವ್ಯರ್ಥ. ಹತ್ತಡಿಗೆ ಒಂದೂವರೆ ಅಂಗುಲ ಇಳಿಜಾರು ಇರಲಿ. ಮೇಸ್ತ್ರಿ ಹೋಗುವ ಮುನ್ನ ನಾಲ್ಕು ಕೊಡ ನೀರು ಸುರಿದು ನೋಡಿ. ನೀರು ಮನೆಯ ಕಡೆ ತಿರುಗುವುದೂ, ಮಧ್ಯದಲ್ಲಿ ನಿಲ್ಲುವುದೂ ಅಲ್ಲೇ ಗೊತ್ತಾಗುತ್ತದೆ. ಸೂರಿನ ನೀರು ಧೋ ಎಂದು ಬೀಳುವ ಸಾಲಿಗೆ ಕಲ್ಲು ಹಾಸದೆ ಒಂದಡಿ ಅಗಲದ ಜಲ್ಲಿಪಟ್ಟಿ ಬಿಡಿ. ಎಂಥ ಹಾಸುಗಲ್ಲಾದರೂ ಅಲ್ಲಿ ಹಾವಸೆ ಹಿಡಿದೇ ಹಿಡಿಯುತ್ತದೆ, ಗೋಡೆಗೂ ಕೆಸರು ಸಿಡಿಯುತ್ತದೆ.

ಹಾವಸೆಗೆ ಮದ್ದು ಬ್ಲೀಚಿಂಗ್ ಪೌಡರ್. ನೀರಿನಲ್ಲಿ ಕಲಸಿ ಹರಡಿ, ಅರ್ಧ ಗಂಟೆ ಬಿಟ್ಟು, ಕಡ್ಡಿ ಪೊರಕೆಯಿಂದ ಉಜ್ಜಿ ತೊಳೆಯಿರಿ. ಅದರ ಜೊತೆ ಆಸಿಡ್ ಎಂದೂ ಬೆರೆಸಬೇಡಿ, ಏಳುವ ಕ್ಲೋರಿನ್ ಹೊಗೆ ಪ್ರಾಣಕ್ಕೆ ಅಪಾಯ. ತೊಳೆದ ನೀರು ತುಳಸಿಕಟ್ಟೆಗೋ ಬಾವಿಕಟ್ಟೆಗೋ ಹರಿಯದಂತೆ ನೋಡಿಕೊಳ್ಳಿ. ಕಾರು ತೊಳೆಯುವ ಒತ್ತಡದ ಪಂಪು ಗ್ರಾನೈಟಿಗೆ ಸರಿ. ಮರಕ್ಕೆ ಹೊಡೆದರೆ ನಾರು ಎದ್ದು ಮೈ ಮುಳ್ಳುಮುಳ್ಳಾಗುತ್ತದೆ, ಮುರಕಲ್ಲು ಕರಗುತ್ತದೆ.

ಬಯಲುಸೀಮೆಯ ಕೇಳುಗರಿಗೆ ಒಂದೇ ಮಾತು. ಕಲಬುರಗಿ, ರಾಯಚೂರಿನ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಬೂಸಿನ ಚಿಂತೆಯಿಲ್ಲ, ಕಾವಿನ ಚಿಂತೆ. ಅಲ್ಲಿ ನಿಮ್ಮದೇ ಶಹಾಬಾದ್ ಕಲ್ಲು, ತಿಳಿಬಣ್ಣದ್ದು, ಮೇಲೊಂದು ಚಪ್ಪರ. ಕರಿಯ ಕಡಪ ಬೇಡ.

ಕಡೆಯದಾಗಿ, ಕೆಲಸ ಯಾವಾಗ ಮಾಡಿಸಬೇಕು ಎಂಬುದು. ಮರ ಹಾಸುವುದಾದರೆ ಜನವರಿ, ಫೆಬ್ರವರಿಯೇ ಸರಿಯಾದ ಕಾಲ. ಹಲಗೆ ಒಣಗಿರುತ್ತದೆ. ಒಣಗಿರುವುದರಿಂದಲೇ ಸಂದನ್ನು ಧಾರಾಳವಾಗಿ ಬಿಡಬೇಕು. ಆರಂಗುಲದ ಹಲಗೆ ಆಷಾಢಕ್ಕೆ ಎರಡು ಮೂರು ಮಿಲಿಮೀಟರ್ ಉಬ್ಬುತ್ತದೆ. ಐದಾರು ಮಿಲಿಮೀಟರ್ ಸಂದು ಬಿಟ್ಟಿದ್ದರೆ ಉಬ್ಬಿದ ಮೇಲೂ ನೀರಿಳಿಯಲು ದಾರಿ ಉಳಿಯುತ್ತದೆ. ಸಂದು ಕಂಡರೆ ಕೆಲಸ ಒರಟಾಯಿತೆಂದು ಬಡಗಿಗೆ ಮುಜುಗರ. ಒತ್ತಿ ಕೂರಿಸುವುದೇ ಅವನ ಕೈಚಳಕ ಅಲ್ಲವೇ? ಒಂದು ದಪ್ಪ ಮೊಳೆಯನ್ನು ಅಳತೆಗೆ ಕೊಟ್ಟು, ಪ್ರತಿ ಹಲಗೆಗೂ ಅದನ್ನು ನಡುವೆ ಇಟ್ಟೇ ತಿರುಪು ಹಾಕಬೇಕೆಂದು ಹೇಳಿ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಆ ಹೊತ್ತಿಗೇ ಬರುವುದರಿಂದ ಕೆಲಸದವರು ಸಿಗುವುದು ಕಷ್ಟ. ದೀಪಾವಳಿಗೇ ಮಾತಾಡಿ ಮುಂಗಡ ಕೊಟ್ಟಿಟ್ಟುಕೊಳ್ಳಿ.